ಮಲೆನಾಡಿನ ಮನೆಗೆ ಬಂದ ಮರುಭೂಮಿಯ ಹಲ್ಲಿ: ಲೆಪರ್ಡ್ ಗೆಕೊ ಶುಚಿತ್ವ ಹಾಗೂ ಆರೈಕೆ

ಹಲ್ಲಿ ಲೊಚಗುಟ್ಟಿದರೆ ಆಡುತ್ತಿದ್ದ ಮಾತನ್ನು ನಿಲ್ಲಿಸಿ, ಬೆರಳಿನಿಂದ ನೆಲವನ್ನು ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುವ ಹಿರಿಯರು ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ. ಹಲ್ಲಿ ಮೈಯ ಯಾವ ಭಾಗದ ಮೇಲೆ ಬಿದ್ದರೆ ಏನು ಫಲ ಎಂಬುದನ್ನು ತಿಳಿಸುವ ಪುಟ ಪಂಚಾಂಗಗಳಲ್ಲಿ ಇನ್ನೂ ಅಚ್ಚಾಗುತ್ತಿದೆ. ಆ ದೋಷದ ಪರಿಹಾರಕ್ಕೆಂದು ಕಂಚಿಯ ವರದರಾಜ ದೇವಾಲಯದ ಬಂಗಾರದ ಹಲ್ಲಿಯನ್ನು ಮುಟ್ಟಿ ಬರುವವರೂ ಉಂಟು. ಇಂಥ ನಾಡಿನಲ್ಲಿ ಹಣ ಕೊಟ್ಟು ಹಲ್ಲಿಯನ್ನು ಕೊಂಡು, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಹೆಸರಿಟ್ಟು ಸಾಕುವ ಹವ್ಯಾಸವೊಂದು ನಗರಗಳಲ್ಲಿ ಬೆಳೆದಿದೆ. ಹಾಗೆ ಸಾಕಲ್ಪಡುವ ಸರೀಸೃಪಗಳಲ್ಲಿ ಮುಖ್ಯವಾದದ್ದು ಲೆಪರ್ಡ್ ಗೆಕೊ, ಅಂದರೆ ಚಿರತೆಯಂತೆ ಮೈಮೇಲೆ ಚುಕ್ಕೆಗಳನ್ನು ಹೊತ್ತ ಹಲ್ಲಿ.

ಬೆಂಗಳೂರು, ಮೈಸೂರು, ಮಂಗಳೂರುಗಳ ಫ್ಲಾಟುಗಳಲ್ಲಿ ಈ ಪ್ರಾಣಿಯನ್ನು ಸಾಕುವುದು ಒಂದು ಬಗೆ. ಅದೇ ಪೆಟ್ಟಿಗೆ ರಜೆಯ ನೆಪದಲ್ಲಿಯೋ ಮನೆಯಿಂದಲೇ ಕಚೇರಿ ಕೆಲಸ ಮಾಡುವ ಅನುಕೂಲದಿಂದಲೋ ಕೊಪ್ಪ ತಾಲ್ಲೂಕಿನ ನಾರ್ವೆಯಂಥ ಊರಿನ ಹಂಚಿನ ಮನೆಗೆ ಬಂದರೆ ಪರಿಸ್ಥಿತಿಯೇ ಬೇರೆ. ಒಣ ಬೆಟ್ಟಗುಡ್ಡಗಳಿಗೆ ಹೊಂದಿಕೊಂಡ ಜೀವವೊಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ, ಗೋಡೆ ಬೆವರುವ, ದಿನಗಟ್ಟಲೆ ವಿದ್ಯುತ್ ಇಲ್ಲದ ಸೀಮೆಗೆ ಬಂದು ಸೇರಿದಂತಾಗುತ್ತದೆ. ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇರುತ್ತಾರೆ, ಅಂಬೆಗಾಲಿಡುವ ಮಗುವೂ ಇರಬಹುದು. ಶುಚಿತ್ವದಲ್ಲಿ ತಪ್ಪಿದರೆ ಪೆಟ್ಟು ಹಲ್ಲಿಗಷ್ಟೇ ಅಲ್ಲ, ಈ ಇಬ್ಬರಿಗೂ ಬೀಳುತ್ತದೆ. ಆದುದರಿಂದ ಈ ಪ್ರಾಣಿಯನ್ನು ಹಿಡಿಯುವ, ಅದರ ಪೆಟ್ಟಿಗೆಯನ್ನು ತೊಳೆಯುವ ಕ್ರಮವನ್ನು ಮಲೆನಾಡಿನ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲಿ ವಿವರಿಸಲಾಗಿದೆ.

ಇದು ನಮ್ಮ ಗೋಡೆಯ ಹಲ್ಲಿಯಲ್ಲ

ಲೆಪರ್ಡ್ ಗೆಕೊವಿನ ಶಾಸ್ತ್ರೀಯ ಹೆಸರು ಯೂಬ್ಲೆಫಾರಿಸ್ ಮ್ಯಾಕ್ಯುಲೇರಿಯಸ್. ಕೋಲ್ಕತ್ತದಲ್ಲಿ ಕೆಲಸ ಮಾಡುತ್ತಿದ್ದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ 1854ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಅಫ್ಘಾನಿಸ್ತಾನ, ಪಾಕಿಸ್ತಾನ ಹಾಗೂ ವಾಯವ್ಯ ಭಾರತದ ಕಲ್ಲುಗಾಡು ಇದರ ತವರು. ಯೂಬ್ಲೆಫಾರಿಸ್ ಎಂಬ ಗ್ರೀಕ್ ಮೂಲದ ಪದಕ್ಕೆ ಒಳ್ಳೆಯ ರೆಪ್ಪೆಯುಳ್ಳದ್ದು ಎಂಬ ಅರ್ಥವಿದೆ. ನಮ್ಮ ಗೋಡೆಯ ಹಲ್ಲಿಗೆ ಮುಚ್ಚಿ ತೆರೆಯುವ ರೆಪ್ಪೆಗಳಿಲ್ಲ. ಅದು ನಾಲಿಗೆಯಿಂದಲೇ ಕಣ್ಣನ್ನು ಒರೆಸಿಕೊಳ್ಳುತ್ತದೆ. ಲೆಪರ್ಡ್ ಗೆಕೊ ಕಣ್ಣು ಮುಚ್ಚಿ ಮಲಗಬಲ್ಲದು. ಗೋಡೆ ಹತ್ತಲು ನೆರವಾಗುವ ಅಂಟುಗಾಲಿನ ಪದರಗಳೂ ಇದಕ್ಕಿಲ್ಲ. ನೆಲದ ಮೇಲೆಯೇ ಬದುಕುವ, ಸಂಜೆಯ ಬಳಿಕ ಹೊರಬರುವ ಜೀವಿ ಇದು. ಬೆಳೆದ ಪ್ರಾಣಿ ಸುಮಾರು 18ರಿಂದ 25 ಸೆಂಟಿಮೀಟರ್ ಉದ್ದವಿದ್ದು, ಸಾಮಾನ್ಯವಾಗಿ 45ರಿಂದ 80 ಗ್ರಾಂ ತೂಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಹದಿನೈದು, ಇಪ್ಪತ್ತು ವರ್ಷ ಬಾಳುತ್ತದೆ. ಏಳನೆಯ ತರಗತಿಯ ಹುಡುಗನಿಗೆ ಕೊಡಿಸಿದ ಹಲ್ಲಿ ಅವನ ಮದುವೆಯ ಹೊತ್ತಿಗೂ ಮನೆಯಲ್ಲಿರಬಹುದೆಂಬುದನ್ನು ಕೊಡಿಸುವವರು ಯೋಚಿಸುವುದು ಕಡಿಮೆ.

ಉತ್ತರ ಭಾರತದ ಅನೇಕ ಕಡೆ ‘ಬಿಸ್‌ಖೋಪ್ರಾ’ ಎಂಬ ಹೆಸರಿನಲ್ಲಿ ಉಡದ ಮರಿಯನ್ನೂ ಈ ಜಾತಿಯ ಹಲ್ಲಿಯನ್ನೂ ಮಹಾ ವಿಷಜಂತುವೆಂದು ಭಾವಿಸಿ ಕೊಲ್ಲುವುದುಂಟು. ಅದಕ್ಕೆ ಆಧಾರವಿಲ್ಲ. ಲೆಪರ್ಡ್ ಗೆಕೊ ಕಚ್ಚಿದರೆ ಚಿವುಟಿದಂತಾಗುವುದೇ ಹೊರತು ವಿಷವೇರುವುದಿಲ್ಲ. ಹಲ್ಲಿ ಬಿದ್ದ ಹಾಲು ವಿಷವಾಗುತ್ತದೆ ಎಂಬ ನಮ್ಮ ಕಡೆಯ ನಂಬಿಕೆಯೂ ಅಕ್ಷರಶಃ ಸರಿಯಲ್ಲ. ಆದರೆ ಆ ಹಾಲನ್ನು ಚೆಲ್ಲುವ ಅಜ್ಜಿಯ ಕ್ರಮ ಮಾತ್ರ ಸರಿಯಾದುದೇ. ಕಾರಣ ವಿಷವಲ್ಲ, ರೋಗಾಣು. ಆ ವಿಷಯಕ್ಕೆ ಮುಂದೆ ಬರೋಣ.

ಕೊಳ್ಳುವ ಮುನ್ನ ಕಾನೂನಿನ ಮಾತು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಮಾಡಲಾದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಈ ತಿದ್ದುಪಡಿಯಲ್ಲಿ ಪ್ರಾಣಿಗಳ ಅನುಸೂಚಿಗಳನ್ನು ಸಂಪೂರ್ಣವಾಗಿ ಹೊಸದಾಗಿ ಬರೆಯಲಾಯಿತು. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ‘ಸೈಟಿಸ್’ ಪಟ್ಟಿಯ ಪ್ರಾಣಿಗಳಿಗೆಂದೇ ನಾಲ್ಕನೆಯ ಅನುಸೂಚಿಯನ್ನು ಸೇರಿಸಲಾಯಿತು. ಅಂಥ ಪ್ರಾಣಿಗಳನ್ನು ಸಾಕುವವರು ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕೆಂಬ ನಿಯಮಗಳು 2024ರ ಫೆಬ್ರುವರಿಯಲ್ಲಿ ಪ್ರಕಟವಾದವು. ಆದಕಾರಣ ‘ಎಲ್ಲರೂ ಸಾಕುತ್ತಾರೆ, ತೊಂದರೆಯಿಲ್ಲ’ ಎಂಬ ಅಂಗಡಿಯವನ ಮಾತನ್ನು ನೆಚ್ಚದೆ, ಪ್ರಾಣಿಯ ಶಾಸ್ತ್ರೀಯ ಹೆಸರು, ಅದು ಎಲ್ಲಿ ಹುಟ್ಟಿತು ಎಂಬುದರ ದಾಖಲೆ ಹಾಗೂ ರಸೀದಿಯನ್ನು ಕೇಳಿ ಪಡೆದು, ಜಿಲ್ಲೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದು ಕ್ಷೇಮ. ದಾಖಲೆ ಕೊಡಲು ಹಿಂಜರಿಯುವವನ ಬಳಿ ಕೊಳ್ಳಲೇಕೂಡದು.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಲೆಪರ್ಡ್ ಗೆಕೊವಿನ ಹತ್ತಿರದ ಬಂಧುಗಳು ಭಾರತದಲ್ಲೇ ಇವೆ. ಸಾತ್ಪುರ ಬೆಟ್ಟಗಳ ಜಾತಿಯನ್ನು 2014ರಲ್ಲಿ, ಪೂರ್ವ ಘಟ್ಟದ ಒಂದು ಜಾತಿಯನ್ನು 2022ರಲ್ಲಿ ವಿಜ್ಞಾನಿಗಳು ಹೊಸದೆಂದು ಗುರುತಿಸಿದರು. ಸಾಕುವ ಹುಚ್ಚು ಹೆಚ್ಚಿದಂತೆ ಇಂಥವನ್ನು ಕಾಡಿನಿಂದ ಹಿಡಿದು ಮಾರುವ ಆಮಿಷವೂ ಹೆಚ್ಚುತ್ತದೆ. ಮಲೆನಾಡಿನಲ್ಲಿ ಯೂಬ್ಲೆಫಾರಿಸ್ ಇಲ್ಲ. ಆದರೆ ಇಲ್ಲಿನ ಕಾಡುನೆಲದ ತರಗೆಲೆಗಳ ನಡುವೆ ಮೈಮೇಲೆ ಸೊಗಸಾದ ಪಟ್ಟೆ, ಮಚ್ಚೆಗಳಿರುವ ಪುಟ್ಟ ನೆಲಹಲ್ಲಿಗಳಿವೆ. ಕಾಫಿ ತೋಟದಲ್ಲಿ ಅಂಥದೊಂದು ಕಣ್ಣಿಗೆ ಬಿದ್ದಾಗ ಅದನ್ನು ಲೆಪರ್ಡ್ ಗೆಕೊ ಎಂದು ಭ್ರಮಿಸಿ ಡಬ್ಬಿಗೆ ಹಾಕುವುದು ಸಲ್ಲದು. ತೇಜಸ್ವಿಯವರ ‘ಕರ್ವಾಲೊ’ ಓದಿ ಹಾರುವ ಓತಿಯನ್ನು ಹುಡುಕಹೊರಟ ಈ ಜಿಲ್ಲೆಯ ಓದುಗರಿಗೆ ಓತಿ, ಹಾವುರಾಣಿ, ಉಡಗಳನ್ನು ಅವು ಇದ್ದಲ್ಲಿಯೇ ನೋಡುವ ಸುಖವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಿನದ ಕಸ, ವಾರದ ತೊಳೆತ

ಈ ಪ್ರಾಣಿಯ ಒಂದು ಗುಣ ಸಾಕುವವರಿಗೆ ವರದಂತಿದೆ. ಬಹುಮಟ್ಟಿಗೆ ಪೆಟ್ಟಿಗೆಯ ಒಂದೇ ಮೂಲೆಯಲ್ಲಿ ಮಲ ವಿಸರ್ಜಿಸುತ್ತದೆ. ಕಪ್ಪು ಉಂಡೆಯ ಜೊತೆಗೆ ಕಾಣುವ ಬಿಳಿಯ ಭಾಗ ಅದರ ಮೂತ್ರದ ಘನರೂಪ. ಆ ಮೂಲೆಗೆ ಒಂದು ತುಂಡು ಕಾಗದ ಹಾಸಿ, ದಿನವೂ ಬೆಳಗ್ಗೆ ತೆಗೆದು ಹೊಸದನ್ನು ಹಾಕಿದರೆ ಅರ್ಧ ಕೆಲಸ ಮುಗಿದಂತೆ. ತಿನ್ನದೆ ಉಳಿದ ಹುಳುಗಳನ್ನು ರಾತ್ರಿಯೇ ತೆಗೆದುಬಿಡಬೇಕು. ಮಿಡತೆ, ಚಿಮ್ಮಂಡೆಗಳು ಹಸಿದರೆ ಮಲಗಿದ ಹಲ್ಲಿಯ ಚರ್ಮವನ್ನೇ ಕಡಿಯುತ್ತವೆ. ಸತ್ತ ಹುಳು ಉಳಿದರೆ ಮಲೆನಾಡಿನ ಮನೆಯಲ್ಲಿ ಗಂಟೆಯೊಳಗೆ ಇರುವೆ ಸಾಲು ಹತ್ತುತ್ತದೆ. ಹಿಂದೆ ತಿಂಡಿಯ ಬೀರುವಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದರಲ್ಲ, ಆ ಉಪಾಯವೇ ಇಲ್ಲಿಗೂ ಒಪ್ಪುತ್ತದೆ. ಪೆಟ್ಟಿಗೆಯ ಸುತ್ತ ಇರುವೆ ಪುಡಿಯನ್ನಾಗಲಿ ಸೀಮೆಸುಣ್ಣದಂಥ ವಿಷದ ಕಡ್ಡಿಯನ್ನಾಗಲಿ ಬಳಸಲೇಬಾರದು.

ನೆಲಕ್ಕೆ ಏನು ಹಾಸಬೇಕೆಂಬುದು ವಾದದ ವಿಷಯ. ಚಿತ್ರಗಳಲ್ಲಿ ಕಾಣುವ ಬಣ್ಣದ ಮರಳು ನೋಡಲು ಚೆಂದ. ಆದರೆ ಹುಳುವಿನೊಡನೆ ಮರಳು ಹೊಟ್ಟೆ ಸೇರಿ ಕರುಳು ಕಟ್ಟುವ ಅಪಾಯವುಂಟು, ಅದರಲ್ಲೂ ಮರಿಗಳಿಗೆ. ತೊಳೆಯಲೂ ಬಾರದು. ಒರಟು ಮೈಯ ಟೈಲ್ಸ್ ತುಂಡು ಅಥವಾ ಕಡಪ ಕಲ್ಲು ಉತ್ತಮ. ಅದಕ್ಕಿಂತ ಸುಲಭವಾದದ್ದು ಓದಿ ಮುಗಿದ ದಿನಪತ್ರಿಕೆ. ಪತ್ರಿಕೆಗಳು ಕಾಗದದಿಂದ ಪರದೆಗೆ ಹಾರಿದ ಈ ಕಾಲದಲ್ಲಿ ಹಳೆಯ ಪತ್ರಿಕೆಯ ಇಂಥ ಉಪಯೋಗಗಳು ಹೆಚ್ಚು ನೆನಪಾಗುತ್ತವೆ.

ನೀರಿನ ಬಟ್ಟಲನ್ನು ದಿನವೂ ತೊಳೆಯಬೇಕು. ಬರಿದೆ ನೀರು ಬದಲಿಸಿದರೆ ಸಾಲದು. ಬಟ್ಟಲಿನ ಒಳಮೈಯಲ್ಲಿ ಕೈಗೆ ಲೋಳೆಯಂತೆ ಹತ್ತುವ ಪದರವನ್ನು ಉಜ್ಜಿ ತೆಗೆಯಬೇಕು. ವಾರಕ್ಕೊಮ್ಮೆ ಕಾಗದವನ್ನೆಲ್ಲ ಬದಲಿಸಿ, ಗಾಜನ್ನು ಬಿಸಿನೀರು ಹಾಗೂ ಸಾಬೂನಿನಿಂದ ಒರೆಸುವುದು, ತಿಂಗಳಿಗೊಮ್ಮೆ ಹಲ್ಲಿಯನ್ನು ಗಾಳಿಯಾಡುವ ಬೇರೆ ಡಬ್ಬಿಗೆ ವರ್ಗಾಯಿಸಿ ಎಲ್ಲವನ್ನೂ ಹೊರತೆಗೆದು ತೊಳೆಯುವುದು ಸಾಮಾನ್ಯ ಪದ್ಧತಿ.

ಫಿನೈಲ್ ಬೇಡ

ನಮ್ಮ ಮನೆಗಳಲ್ಲಿ ಶುಚಿತ್ವ ಎಂದೊಡನೆ ಫಿನೈಲ್ ಸೀಸೆ ಹೊರಬರುತ್ತದೆ. ಇಲ್ಲಿ ಅದೇ ದೊಡ್ಡ ಅಪಾಯ. ಫಿನಾಲ್ ಬಗೆಯ ರಾಸಾಯನಿಕ ಮತ್ತು ಪೈನ್ ಎಣ್ಣೆಯಿರುವ ದ್ರಾವಣಗಳು ಸರೀಸೃಪಗಳಿಗೆ ವಿಷ. ನೆಲಕ್ಕೆ ಹೊಟ್ಟೆ ತಾಗಿಸಿ ನಡೆಯುವ, ಕಂಡದ್ದನ್ನೆಲ್ಲ ನಾಲಿಗೆಯಿಂದ ನೆಕ್ಕಿ ಪರೀಕ್ಷಿಸುವ ಪ್ರಾಣಿಗೆ ಆ ಶೇಷ ನೇರವಾಗಿ ಒಳಹೋಗುತ್ತದೆ. ಪೆಟ್ಟಿಗೆಗೆ ಮಾತ್ರವಲ್ಲ, ಪೆಟ್ಟಿಗೆಯಿರುವ ಕೋಣೆಯ ನೆಲಕ್ಕೂ ಫಿನೈಲ್ ಬಳಸದಿರುವುದು ಲೇಸು. ಸೊಳ್ಳೆಬತ್ತಿ, ಸೊಳ್ಳೆಯ ದ್ರವಯಂತ್ರ, ಜಿರಳೆಗೆ ಹೊಡೆಯುವ ಸಿಂಪಡಣೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸೊಳ್ಳೆಪರದೆ ಕಟ್ಟಿ ಮಲಗುವ ಹಳೆಯ ಕ್ರಮ ಹಲ್ಲಿಗೂ ಹಿತ, ಮನೆಯವರಿಗೂ ಹಿತ.

ಹಾಗಾದರೆ ಯಾವುದನ್ನು ಬಳಸಬೇಕು? ಮೊದಲು ಸಾಬೂನು, ಬಿಸಿನೀರು. ಮಲದ ಅಂಶ ಉಳಿದಿರುವಲ್ಲಿ ಯಾವ ಔಷಧ ಸುರಿದರೂ ಪ್ರಯೋಜನವಿಲ್ಲ. ಕ್ಲೋರಿನ್ನಿನ ಶಕ್ತಿಯೆಲ್ಲ ಆ ಕೊಳೆಯನ್ನು ಸುಡುವುದರಲ್ಲೇ ಕರಗಿಹೋಗುತ್ತದೆ. ಉಜ್ಜಿ ತೊಳೆದ ನಂತರವೇ ಬ್ಲೀಚ್. ಅಂಗಡಿಯ ದ್ರವ ಬ್ಲೀಚ್ ಆದರೆ ಒಂದು ಭಾಗಕ್ಕೆ ಸುಮಾರು ಮೂವತ್ತು ಭಾಗ ನೀರು ಸಾಕು. ಹಳ್ಳಿಯ ಮನೆಗಳಲ್ಲಿ ಬಾವಿಗೆ ಹಾಕಲೆಂದು ತಂದಿಟ್ಟ ಬ್ಲೀಚಿಂಗ್ ಪುಡಿ ಇರುವುದುಂಟು. ಪುಡಿ ಹೊಸದಾಗಿದ್ದರೆ ಲೀಟರ್ ನೀರಿಗೆ ಸುಮಾರು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆಯಷ್ಟು ಕಲಸಿ, ತಳಕ್ಕೆ ಗಸಿ ಇಳಿದ ಮೇಲೆ ಮೇಲಿನ ತಿಳಿಯನ್ನು ಬಳಸಬೇಕು. ಹತ್ತು ನಿಮಿಷ ಹಾಗೆಯೇ ಬಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ನೀರಿನಲ್ಲಿ ಜಾಲಿಸಿ, ಒಣಗಿಸಬೇಕು. ಬ್ಲೀಚ್‌ನೊಡನೆ ಶೌಚಾಲಯದ ಆಸಿಡ್ಡನ್ನಾಗಲಿ ಅಮೋನಿಯಾ ಇರುವ ದ್ರವವನ್ನಾಗಲಿ ಬೆರೆಸಿದರೆ ಏಳುವ ಅನಿಲ ತೊಳೆಯುವವರ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಬ್ಲೀಚ್ ಎಲ್ಲವನ್ನೂ ಕೊಲ್ಲುವುದಿಲ್ಲ ಎಂಬುದೂ ತಿಳಿದಿರಬೇಕಾದ ಸಂಗತಿ. ಲೆಪರ್ಡ್ ಗೆಕೊಗಳನ್ನು ಕಾಡುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿಯ ಗಟ್ಟಿ ಕವಚದ ಮೊಟ್ಟೆಗಳು ಸಾಧಾರಣ ಕ್ಲೋರಿನ್ ನೀರಿಗೆ ಜಗ್ಗುವುದಿಲ್ಲ. ಈ ರೋಗ ತಗುಲಿದ ಹಲ್ಲಿ ತಿಂದರೂ ಸೊರಗುತ್ತದೆ. ಕೊಬ್ಬಿನ ಉಗ್ರಾಣವಾದ ದಪ್ಪ ಬಾಲ ಕಡ್ಡಿಯಂತಾಗುತ್ತದೆ. ಸಾಕುವವರಲ್ಲಿ ಇದಕ್ಕೆ ‘ಕಡ್ಡಿಬಾಲ’ದ ರೋಗವೆಂದೇ ಹೆಸರು. ಖಚಿತವಾದ ಮದ್ದಿಲ್ಲ. ಈ ಮೊಟ್ಟೆಗಳನ್ನು ನಾಶಮಾಡುವುದು ಕುದಿಯುವ ನೀರು ಮತ್ತು ಸಂಪೂರ್ಣ ಒಣಗುವಿಕೆ. ಆದ್ದರಿಂದ ಟೈಲ್ಸ್, ಮಣ್ಣಿನ ಬಟ್ಟಲು, ಅಡಗುತಾಣದ ಕಲ್ಲು ಮುಂತಾದವುಗಳ ಮೇಲೆ ಕುದಿನೀರು ಹೊಯ್ಯುವುದು ಒಳ್ಳೆಯದು. ಬಚ್ಚಲ ಹಂಡೆಯ ನೀರು ಸ್ನಾನಕ್ಕೆ ಸುಡುವಷ್ಟಿದ್ದರೂ ಈ ಕೆಲಸಕ್ಕೆ ಸಾಲದು, ನೀರು ಮರಳಬೇಕು. ಗಾಜಿನ ಮೇಲೆ ಮಾತ್ರ ಕುದಿನೀರು ಹೊಯ್ದರೆ ಒಡೆಯುತ್ತದೆ. ಹೊಸದಾಗಿ ತಂದ ಹಲ್ಲಿಯನ್ನು ಎರಡು, ಮೂರು ತಿಂಗಳು ಹಳೆಯದರಿಂದ ದೂರವಿಡಬೇಕೆನ್ನುವುದೂ, ಎರಡು ಪೆಟ್ಟಿಗೆಗಳಿಗೆ ಒಂದೇ ಬ್ರಷ್ ಬಳಸಬಾರದೆನ್ನುವುದೂ ಈ ಕಾರಣಕ್ಕೇ.

ಮಳೆಗಾಲದಲ್ಲಿ ಒಣಗಿಸುವ ಪಾಡು

ಪುಸ್ತಕಗಳು ಹೇಳುವಂತೆ ‘ಬಿಸಿಲಿನಲ್ಲಿ ಒಣಗಿಸಿ’ ಎಂದರೆ ಜುಲೈ ತಿಂಗಳ ಕೊಪ್ಪ, ಶೃಂಗೇರಿಯವರು ನಕ್ಕಾರು. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ನಾರ್ವೆಯ ಸುತ್ತ ಅಷ್ಟಿಲ್ಲದಿದ್ದರೂ ಗಾಳಿಯ ತೇವ ಕಡಿಮೆಯೇನಲ್ಲ. ಈ ಹಲ್ಲಿಗೆ ಬೇಕಾದ ಗಾಳಿಯ ತೇವಾಂಶ ಶೇಕಡ 30ರಿಂದ 40. ಮಳೆಗಾಲದ ಮಲೆನಾಡಿನ ಮನೆಯೊಳಗೆ ಅದರ ಎರಡು ಪಟ್ಟು ಇರುವುದು ಮಾಮೂಲು. ಒದ್ದೆ ಹಾಸಿನ ಮೇಲೆ ಬಹುದಿನ ಮಲಗಿದರೆ ಹೊಟ್ಟೆಯ ಚರ್ಮ ಕೆಂಪಾಗಿ ಕೊಳೆಯುತ್ತದೆ. ತಂಪು ಹಾಗೂ ತೇವ ಎರಡೂ ಕೂಡಿದರೆ ಉಸಿರಾಟದ ಸೋಂಕು ತಗಲುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ ಕಾಣುವುದು ಅದರ ಕುರುಹು.

ಹೀಗಿರುವಾಗ ಎರಡು ಜೊತೆ ಟೈಲ್ಸ್, ಎರಡು ಜೊತೆ ಅಡಗುತಾಣ ಇಟ್ಟುಕೊಳ್ಳುವುದೇ ಜಾಣತನ. ಒಂದು ಬಳಕೆಯಲ್ಲಿದ್ದಾಗ ಇನ್ನೊಂದು ಅಡಿಕೆ ಒಣಗಿಸುವ ಅಟ್ಟದ ಬೆಚ್ಚನೆಯ ಮೂಲೆಯಲ್ಲಿ ಒಣಗುತ್ತಿರಲಿ. ಅಡುಗೆಯ ಒಲೆಯ ಪಕ್ಕದಲ್ಲಿ ಮಾತ್ರ ಬೇಡ. ಮರದ ತುಂಡು, ತೆಂಗಿನ ಚಿಪ್ಪು, ಬಿದಿರು ಇವೆಲ್ಲ ವಾರದೊಳಗೆ ಬೂಸಲು ಹಿಡಿಯುವುದರಿಂದ ಮಳೆಗಾಲದಲ್ಲಿ ಹೊರಗಿಡುವುದೇ ಮೇಲು. ಪೆಟ್ಟಿಗೆಯನ್ನು ಜಗಲಿಯಲ್ಲಿ, ಇರಚಲು ತಾಗುವ ಕಿಟಕಿಯ ಬಳಿ ಇಡಬಾರದು. ಮಣ್ಣಿನ ಗೋಡೆಯಿಂದ ಒಂದು ಗೇಣು ದೂರವಿರಲಿ, ಮುಚ್ಚಳ ಜಾಲರಿಯದಾಗಿರಲಿ. ನೀರಿನ ಬಟ್ಟಲು ಬೆಚ್ಚನೆಯ ಬದಿಯಲ್ಲಿದ್ದರೆ ಆವಿಯೇಳುತ್ತದೆ. ಅದನ್ನು ತಂಪು ಬದಿಗೆ ಸರಿಸಬೇಕು.

ಬೆಚ್ಚನೆಯ ಬದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಬದಿ 24ರಿಂದ 26 ಡಿಗ್ರಿ ಇರಬೇಕು. ಇದಕ್ಕೆ ವಿದ್ಯುತ್ ಹಾಸು ಬಳಸುವವರು ಉಷ್ಣ ನಿಯಂತ್ರಕವನ್ನು ಕಡ್ಡಾಯವಾಗಿ ಜೋಡಿಸತಕ್ಕದ್ದು; ಇಲ್ಲದಿದ್ದರೆ ಹೊಟ್ಟೆ ಸುಟ್ಟ ಹಲ್ಲಿಯನ್ನು ವೈದ್ಯರ ಬಳಿ ಒಯ್ಯಬೇಕಾದೀತು. ಗಾಳಿ ಮಳೆಗೆ ಮರ ಬಿದ್ದು ಎರಡು ದಿನ ವಿದ್ಯುತ್ ಹೋದರೆ ಗಾಬರಿಪಡಬೇಕಾಗಿಲ್ಲ. ಆರೋಗ್ಯವಂತ ಬೆಳೆದ ಹಲ್ಲಿ ಕೆಲವು ದಿನ ತಂಪನ್ನು ತಾಳಿಕೊಳ್ಳುತ್ತದೆ. ಬೆಚ್ಚನೆಯ ನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗಿಟ್ಟರೆ ಆಯಿತು. ಆದರೆ ಆ ದಿನಗಳಲ್ಲಿ ಆಹಾರ ಕೊಡಬಾರದು. ಶಾಖವಿಲ್ಲದೆ ಹುಳು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ.

ಪೊರೆ ಬಿಡುವ ಸಮಯ

ಎಲ್ಲ ತೇವವೂ ಕೆಟ್ಟದ್ದಲ್ಲ. ಬೆಳೆದ ಹಲ್ಲಿ ಸುಮಾರು ಒಂದೆರಡು ತಿಂಗಳಿಗೊಮ್ಮೆ, ಮರಿ ವಾರ ಹದಿನೈದು ದಿನಕ್ಕೊಮ್ಮೆ ಪೊರೆ ಬಿಡುತ್ತದೆ. ಮೈ ಬಿಳಿಚಿ ಬೂದಿ ಬಳಿದಂತೆ ಕಂಡರೆ ಪೊರೆಯ ಕಾಲ ಬಂತೆಂದು ತಿಳಿಯಬೇಕು. ಆಗ ಅದಕ್ಕೆ ಒಂದು ತೇವದ ಗೂಡು ಬೇಕು. ಮುಚ್ಚಳವಿರುವ ಪುಟ್ಟ ಡಬ್ಬಿಗೆ ತೂತು ಮಾಡಿ, ಒಳಗೆ ಒದ್ದೆಮಾಡಿ ಹಿಂಡಿದ ಕಾಗದದ ಕರವಸ್ತ್ರ ಇಟ್ಟರೆ ಸಾಕು. ಮಲೆನಾಡಿನಲ್ಲಿ ಕಲ್ಲಿನ ಮೇಲೆ ಹೇರಳವಾಗಿ ಸಿಗುವ ಹಾವಸೆಯನ್ನು ತಂದು ತುಂಬುವ ಉತ್ಸಾಹ ಬೇಡ, ಅದರೊಡನೆ ಹತ್ತಾರು ಜೀವಿಗಳು ಬರುತ್ತವೆ. ಕಾಗದವನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು.

ಪೊರೆಯನ್ನು ಹಲ್ಲಿ ತಾನೇ ತಿಂದುಬಿಡುತ್ತದೆ. ಅದು ಸಹಜ. ಆಮೇಲೆ ನಾವು ನೋಡಬೇಕಾದುದು ಬೆರಳುಗಳನ್ನು. ತುದಿಬೆರಳಿಗೆ ಉಂಗುರದಂತೆ ಸುತ್ತಿಕೊಂಡ ಹಳೆಯ ಪೊರೆ ಒಣಗಿ ಬಿಗಿದು ರಕ್ತಸಂಚಾರವನ್ನು ನಿಲ್ಲಿಸುತ್ತದೆ, ಬೆರಳು ಕಪ್ಪಾಗಿ ಉದುರುತ್ತದೆ. ಬೆರಳು ಮೊಂಡಾದ ಲೆಪರ್ಡ್ ಗೆಕೊಗಳನ್ನು ಕಂಡರೆ ಬಹುಪಾಲು ಇದೇ ಕತೆ. ಅಂಥ ಪೊರೆ ಕಂಡಾಗ ಒಣ ಚರ್ಮವನ್ನು ಕೀಳಬಾರದು. ಹೊಟ್ಟೆಯ ಮಟ್ಟವನ್ನೂ ಮೀರದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ, ಒದ್ದೆ ಹತ್ತಿಕಡ್ಡಿಯಿಂದ ಮೆಲ್ಲಗೆ ಹೊರಳಿಸಿದರೆ ಬಿಡಿಸಿಕೊಳ್ಳುತ್ತದೆ. ಒಂದೇ ಸಲಕ್ಕೆ ಬಾರದಿದ್ದರೆ ಮರುದಿನ ಮತ್ತೆ. ರೆಪ್ಪೆಯೊಳಗೆ ಪೊರೆ ಸಿಕ್ಕಿಕೊಂಡು ಕಣ್ಣು ತೆರೆಯದಿದ್ದರೆ ಮಾತ್ರ ಮನೆಯಲ್ಲಿ ಪ್ರಯೋಗ ಮಾಡದೆ ಪಶುವೈದ್ಯರಲ್ಲಿಗೆ ಹೋಗಬೇಕು. ಇದಲ್ಲದೆ ಹಲ್ಲಿಗೆ ಸ್ನಾನ ಮಾಡಿಸುವ ಅಗತ್ಯವೇ ಇಲ್ಲ. ಸಾಬೂನು, ಶಾಂಪೂ, ಎಣ್ಣೆ ಯಾವುದೂ ಕೂಡದು.

ಹಿಡಿಯುವ ಬಗೆ

ಹೊಸ ಮನೆಗೆ ಬಂದ ಹಲ್ಲಿಯನ್ನು ಮೊದಲ ಎರಡು ವಾರ ಮುಟ್ಟದಿರುವುದೇ ಅದಕ್ಕೆ ಮಾಡುವ ಉಪಕಾರ. ಬೆಂಗಳೂರಿನಿಂದ ರಾತ್ರಿಯಿಡೀ ಪಯಣಿಸಿ ಘಟ್ಟದ ತಿರುವುಗಳಲ್ಲಿ ಅಲುಗಿ ಬಂದ ಪ್ರಾಣಿಯನ್ನು ಅಂದೇ ನೆಂಟರ ಮಕ್ಕಳ ಕೈಯಿಂದ ಕೈಗೆ ದಾಟಿಸಿದರೆ ಅದು ಆಹಾರ ಬಿಡುತ್ತದೆ.

ಮೇಲಿನಿಂದ ಎರಗುವ ಕೈ ಅದರ ಪಾಲಿಗೆ ಗೂಬೆ, ಗಿಡುಗ. ಆದಕಾರಣ ಕೈಯನ್ನು ಬದಿಯಿಂದ, ನೆಲದ ಮಟ್ಟದಲ್ಲಿ ನಿಧಾನವಾಗಿ ತರಬೇಕು. ಅಂಗೈಯನ್ನು ಎದೆಯ ಕೆಳಗೆ ಜಾರಿಸಿ, ನಾಲ್ಕೂ ಪಾದಗಳಿಗೆ ಆಸರೆ ದೊರೆಯುವಂತೆ ಎತ್ತಬೇಕು. ಹಿಡಿ ಬಿಗಿಯಬಾರದು, ಒಂದು ಕೈಯಿಂದ ಇನ್ನೊಂದು ಕೈಗೆ ಅದೇ ನಡೆದು ಹೋಗಲಿ. ನಿಂತುಕೊಂಡು ಆಡಿಸುವುದಕ್ಕಿಂತ ಚಾಪೆಯ ಮೇಲೆ ಕುಳಿತು ತೊಡೆಯ ಮೇಲೆ ಬಿಡುವುದು ಒಳ್ಳೆಯದು. ಈ ಹಲ್ಲಿಗೆ ಅಂಟುಗಾಲಿಲ್ಲವಾದ್ದರಿಂದ ಬಿದ್ದರೆ ನೆಲಕ್ಕೇ. ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ. ತಿಂದ ಕೂಡಲೇ, ಪೊರೆ ಬಿಡುವಾಗ ಮುಟ್ಟಲೇಬೇಡಿ. ಮನೆಯ ಬೆಕ್ಕು ಬೇರೆ ಕೋಣೆಯಲ್ಲಿರಲಿ.

ಬಾಲವನ್ನು ಹಿಡಿಯಬಾರದು ಎಂಬುದಕ್ಕೆ ವಿನಾಯಿತಿ ಇಲ್ಲ. ಹೆದರಿದರೆ ಬಾಲ ಕಳಚಿ ಬಿಟ್ಟು ಓಡುತ್ತದೆ. ಮತ್ತೆ ಬೆಳೆಯುವ ಬಾಲ ಮೊದಲಿನಂತಿರದೆ ಗೆಡ್ಡೆಯ ಹಾಗೆ ಗಿಡ್ಡ, ನುಣುಪು. ನಷ್ಟ ಅಂದಕ್ಕಷ್ಟೇ ಅಲ್ಲ; ಬರಗಾಲಕ್ಕೆಂದು ಕೂಡಿಟ್ಟ ಕೊಬ್ಬಿನ ಗಂಟೇ ಹೋದಂತೆ. ಬಾಲ ಕಳಚಿದ ಹಲ್ಲಿಯನ್ನು ಕಾಗದದ ಹಾಸಿನ ಮೇಲಷ್ಟೇ ಇಟ್ಟು, ಗಾಯ ಮಾಯುವವರೆಗೆ ಶುಚಿಯಾಗಿಟ್ಟರೆ ಸಾಮಾನ್ಯವಾಗಿ ತಾನೇ ಗುಣವಾಗುತ್ತದೆ. ಅರಿಸಿನ ಮೆತ್ತುವುದು, ಪಟ್ಟಿ ಕಟ್ಟುವುದು ಬೇಡ. ಬಾಲವನ್ನು ಎತ್ತಿ ಹಾವಿನಂತೆ ನಿಧಾನವಾಗಿ ಅತ್ತಿತ್ತ ಆಡಿಸಿದರೆ ‘ದೂರವಿರು’ ಎಂದರ್ಥ. ತುದಿಯನ್ನು ಮಾತ್ರ ಗಿಲಕಿಯಂತೆ ಚುರುಕಾಗಿ ಅಲುಗಿಸಿದರೆ ಬೇಟೆಯ ಉತ್ಸಾಹ. ಈ ಎರಡನ್ನು ಗುರುತಿಸಲು ಬಾರದ ವಯಸ್ಸಿನ ಮಕ್ಕಳ ಕೈಗೆ ಹಲ್ಲಿಯನ್ನು ಕೊಡದಿರುವುದು ಇಬ್ಬರಿಗೂ ಕ್ಷೇಮ.

ಅಜ್ಜಿ, ಮಗು ಮತ್ತು ಸಾಲ್ಮೊನೆಲ್ಲ

ಆರೋಗ್ಯವಾಗಿ ಕಾಣುವ ಸರೀಸೃಪದ ಕರುಳಿನಲ್ಲೂ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಇರುತ್ತದೆ. ಪ್ರಾಣಿಗೆ ಅದರಿಂದ ತೊಂದರೆಯಿಲ್ಲ. ಟೈಫಾಯ್ಡ್ ತರುವುದೂ ಇದೇ ಕುಲದ ರೋಗಾಣು. ಆದರೆ ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಬೇರೆ ಬಗೆ. ಹಲ್ಲಿಯಿಂದ ಬರುವುದು ಸಾಮಾನ್ಯವಾಗಿ ಭೇದಿ, ಜ್ವರ, ಹೊಟ್ಟೆನುಲಿತ. ಸೋಂಕು ತಗುಲಿದ ಆರು ಗಂಟೆಯಿಂದ ಆರು ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ. ಗಟ್ಟಿಮುಟ್ಟಾದವರು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ಕ್ಯಾನ್ಸರ್ ಮೊದಲಾದ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ರಕ್ತಕ್ಕೆ ಸೇರಿ ಪ್ರಾಣಾಂತಿಕವಾಗಬಲ್ಲದು. ಅಮೆರಿಕದಲ್ಲಿ ಮಕ್ಕಳಿಗೆ ಸಾಲ್ಮೊನೆಲ್ಲ ಹರಡುತ್ತಿದ್ದ ಕಾರಣದಿಂದಲೇ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಲಾಯಿತು. 2015ರಲ್ಲಿ ಅಲ್ಲಿಯೇ ಸಾಕು ಗೆಕೊಗಳಿಂದ ಹಲವು ರಾಜ್ಯಗಳ ಜನರಿಗೆ ಈ ಸೋಂಕು ತಗುಲಿದುದು ವರದಿಯಾಯಿತು. ಹಲ್ಲಿಗೆ ಒಮ್ಮೆ ಪರೀಕ್ಷೆ ಮಾಡಿಸಿ ‘ಇಲ್ಲ’ ಎಂದು ಬಂದರೂ ನೆಮ್ಮದಿ ಪಡುವಂತಿಲ್ಲ. ರೋಗಾಣು ಬಿಟ್ಟುಬಿಟ್ಟು ಹೊರಬೀಳುತ್ತದೆ.

ಹಲ್ಲಿಯನ್ನು ಮುಟ್ಟದವರಿಗೂ ಸೋಂಕು ತಗಲುವುದುಂಟು. ಪೆಟ್ಟಿಗೆ ತೊಳೆದ ನೀರು, ಬ್ರಷ್, ಒರೆಸಿದ ಬಟ್ಟೆಯೇ ಸಾಕು. ಆದ್ದರಿಂದ ಪೆಟ್ಟಿಗೆಯ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಾಗಲಿ ಪಾತ್ರೆ ತಿಕ್ಕುವ ಜಾಗದಲ್ಲಾಗಲಿ ತೊಳೆಯಕೂಡದು. ಮಲೆನಾಡಿನ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಎಷ್ಟೋ ಮನೆಗಳಿಗೆ ಕುಡಿಯುವ ನೀರು ಬರುವುದು ಗುಡ್ಡದ ಅಬ್ಬಿಯಿಂದ, ಹಿಂದೆ ಅಡಿಕೆ ದಂಬೆಯಲ್ಲಿ, ಈಗ ಪೈಪಿನಲ್ಲಿ. ಮೇಲಿನ ಮನೆಯವರು ಹರಿಯುವ ನೀರಲ್ಲವೇ ಎಂದು ಅಲ್ಲಿಯೇ ತೊಳೆದರೆ ಕೆಳಗಿನ ಮನೆಯ ಕೊಡಕ್ಕೆ ಅದು ಇಳಿಯುತ್ತದೆ. ಬಾವಿಕಟ್ಟೆಯೂ ಬೇಡ. ಒಂದು ಪ್ರತ್ಯೇಕ ಬಕೆಟ್ಟಿನಲ್ಲಿ ತೊಳೆದು, ಆ ನೀರನ್ನು ಶೌಚಾಲಯಕ್ಕೆ ಸುರಿಯಬೇಕು. ನಂತರ ಸಾಬೂನಿನಿಂದ ಕನಿಷ್ಠ 20 ಸೆಕೆಂಡು ಕೈ ತೊಳೆಯಬೇಕು. ಹಲ್ಲಿಗೆ ಮುತ್ತಿಡುವುದು, ಊಟದ ಮೇಜಿನ ಮೇಲೆ ಬಿಡುವುದು ಫೋಟೊಗಳಲ್ಲಿ ಮಾತ್ರ ಚೆಂದ. ಮನೆಯಲ್ಲಿ ಹಸುಗೂಸು ಇದ್ದಷ್ಟು ಕಾಲ ಪೆಟ್ಟಿಗೆಯನ್ನು ಬೇರೆ ಮನೆಯಲ್ಲಿ ಇಡುವುದೇ ವಿವೇಕವೆಂಬುದು ಈ ಬರಹಗಾರನ ಅಭಿಪ್ರಾಯ.

ತೋಟದ ಹುಳು ತರುವ ಮೊದಲು

ಹಳ್ಳಿಗೆ ಬಂದವರಿಗೆ ಅಂಗಡಿಯ ಹುಳುಗಳ ಡಬ್ಬಿ ಮುಗಿದಾಗ ತೋಟದ ಕಡೆ ಕಣ್ಣು ಹೋಗುವುದು ಸಹಜ. ಕೊಳೆರೋಗ ಬಾರದಿರಲೆಂದು ಮಳೆಗೆ ಮುಂಚೆ ಅಡಿಕೆ ಗೊನೆಗಳಿಗೆ ಮೈಲುತುತ್ತು, ಸುಣ್ಣದ ಬೋರ್ಡೊ ದ್ರಾವಣ ಸಿಂಪಡಿಸುತ್ತಾರೆ. ಕಾಫಿಗೂ ಬೇರೆ ಬೇರೆ ಔಷಧಗಳುಂಟು. ಅಂಥ ತೋಟದಲ್ಲಿ ಹಿಡಿದ ಮಿಡತೆಯ ಮೈಮೇಲೆ ಅವೆಲ್ಲ ಇರುತ್ತವೆ. ಮನೆಯ ಜಿರಳೆ ವಿಷದ ಗುಳಿಗೆ ತಿಂದಿರಬಹುದು. ಮೇ, ಜೂನ್ ಸಂಜೆಗಳಲ್ಲಿ ಮರಗಳ ತುಂಬ ಮಿನುಗುವ ಮಿಣುಕುಹುಳುಗಳನ್ನಂತೂ ಕೊಡಲೇಬಾರದು. ಅಮೆರಿಕದಲ್ಲಿ ಒಂದೆರಡು ಮಿಣುಕುಹುಳು ತಿಂದ ಸಾಕು ಓತಿಗಳು ಸತ್ತುದು ವೈದ್ಯಕೀಯ ದಾಖಲೆಯಲ್ಲಿದೆ. ಆ ಹುಳುಗಳಲ್ಲಿರುವ ವಿಷ ನೇರವಾಗಿ ಹೃದಯದ ಮೇಲೆ ಕೆಲಸ ಮಾಡುತ್ತದೆ. ಊರಿಗೆ ಹೊರಡುವ ಮುನ್ನವೇ ಬೇಕಾದಷ್ಟು ಮೀಲ್‌ವರ್ಮ್ ಹುಳು ಹಾಗೂ ಅವುಗಳ ಮೇಲೆ ಉದುರಿಸುವ ಕ್ಯಾಲ್ಸಿಯಂ ಪುಡಿಯನ್ನು ಕಟ್ಟಿಕೊಂಡು ಹೊರಡಬೇಕು.

ಪೆಟ್ಟಿಗೆ ತೊಳೆಯುವ ದಿನವೇ ಹಲ್ಲಿಯನ್ನು ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಒಳ್ಳೆಯ ರೂಢಿ. ಅಡುಗೆಯ ತಕ್ಕಡಿ ಬೇಡ, ಬೇರೆಯದಿರಲಿ. ವಾರದಿಂದ ವಾರಕ್ಕೆ ತೂಕ ಇಳಿಯುತ್ತಿದ್ದರೆ, ಬಾಲ ಬತ್ತುತ್ತಿದ್ದರೆ, ತಿಂದುದನ್ನು ಕಕ್ಕಿದರೆ, ಮಲ ನೀರಾಗಿದ್ದರೆ ಹೊಸ ಮಲದ ಒಂದು ಉಂಡೆಯನ್ನು ಶುಭ್ರವಾದ ಡಬ್ಬಿಯಲ್ಲಿ ಹಾಕಿಕೊಂಡು ಹಲ್ಲಿಯ ಜೊತೆಗೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ತಾಲ್ಲೂಕು ಕೇಂದ್ರಗಳ ಪಶು ಆಸ್ಪತ್ರೆಗಳು ಹೆಚ್ಚಾಗಿ ದನಕರುಗಳ ಚಿಕಿತ್ಸೆಗೆ ಮೀಸಲಾದವು. ಪಶುವೈದ್ಯಕೀಯ ಕಾಲೇಜುಗಳು ಶಿವಮೊಗ್ಗದಲ್ಲಿಯೂ ಬೆಂಗಳೂರಿನ ಹೆಬ್ಬಾಳದಲ್ಲಿಯೂ ಇವೆ. ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಿದರೆ ವ್ಯರ್ಥ ಪ್ರಯಾಣ ತಪ್ಪುತ್ತದೆ. ಸಾಕಲಾಗದೆಂದು ಕಂಡುಬಂದಾಗ ಹಲ್ಲಿಯನ್ನು ಕಾಫಿ ತೋಟಕ್ಕೆ ಬಿಡುವುದು ಮಾತ್ರ ಕೂಡದು. ಮಳೆ ತಾಳದೆ ಅದು ಸಾಯುತ್ತದೆ, ಇಲ್ಲವೇ ಪೆಟ್ಟಿಗೆಯ ರೋಗವನ್ನು ಇಲ್ಲಿನ ಹಲ್ಲಿಗಳಿಗೆ ದಾಟಿಸುತ್ತದೆ. ಕೊಂಡ ದಾಖಲೆಗಳನ್ನು ಜೊತೆಗಿಟ್ಟುಕೊಂಡು, ಮುಂದೇನು ಮಾಡಬಹುದೆಂದು ಅರಣ್ಯ ಇಲಾಖೆಯನ್ನೇ ಕೇಳಬೇಕು.